ರೆಟಿನಾ ಹರಿಯುವ ಮೊದಲೇ: ಸ್ಟಿಕ್ಲರ್ ಕುಟುಂಬಗಳು ಮತ್ತು ಕೇಂಬ್ರಿಜ್‌ನ ಒಂದು ನಿರ್ಧಾರ

ಮಗುವಿಗೆ ಏಳು ವರ್ಷ ಅಂದುಕೊಳ್ಳಿ. ಸೋಡಾ ಬುಡ್ಡಿ ಕನ್ನಡಕ ಹಾಕಿದರೆ ಬೋರ್ಡ್ ಮೇಲಿನ ಅಕ್ಷರ ಕಾಣುತ್ತದೆ. ಕಣ್ಣಲ್ಲಿ ನೋವಿಲ್ಲ, ಕೆಂಪಿಲ್ಲ. ಆದರೂ ಡಾಕ್ಟರು, ಅರಿವಳಿಕೆ ಕೊಟ್ಟು ಎರಡೂ ಕಣ್ಣಿನ ರೆಟಿನಾದ, ಅಂದರೆ ಒಳಗಿನ ನರದ ಪರದೆಯ, ಅಂಚನ್ನು ಸುತ್ತಲೂ ಹೆಪ್ಪುಗಟ್ಟಿಸೋಣ ಅನ್ನುತ್ತಾರೆ. ಏನೂ ಆಗದ ಕಣ್ಣಿಗೆ ಚಿಕಿತ್ಸೆ ಯಾಕೆ? ಯಾವ ತಂದೆ ತಾಯಿಯಾದರೂ ಹೀಗೆ ಕೇಳಿಯೇ ಕೇಳುತ್ತಾರೆ, ಅಲ್ವಾ?

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿರುವ ಆಡೆನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ ಈ ಮಾತುಕತೆ ದಶಕಗಳಿಂದ ನಡೆಯುತ್ತಿದೆ. ಅಲ್ಲಿಗೆ ಬರುವುದು ಸ್ಟಿಕ್ಲರ್ ಸಿಂಡ್ರೋಮ್ ಎಂಬ ವಂಶದ ಕಾಯಿಲೆ ಇರುವ ಕುಟುಂಬಗಳು. ರೆಟಿನಾ ಕಣ್ಣಿನ ಗೋಡೆಯಿಂದ ಬಿಟ್ಟುಕೊಳ್ಳುವ ತನಕ ಕಾಯದೆ ಮೊದಲೇ ಚಿಕಿತ್ಸೆ ಕೊಡಬೇಕು ಎಂದು ಆ ಆಸ್ಪತ್ರೆ ನಿರ್ಧರಿಸಿತು. ಆ ನಿರ್ಧಾರದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅದನ್ನು ಒಪ್ಪುವವರು ಇದ್ದಾರೆ, ಅನುಮಾನಿಸುವವರೂ ಇದ್ದಾರೆ. ನನ್ನ ಪ್ರಕಾರ ಈ ಪ್ರಕರಣದಲ್ಲಿ ಹೆಪ್ಪುಗಟ್ಟಿಸುವ ಕೆಲಸಕ್ಕಿಂತ ದೊಡ್ಡದು ಅದಕ್ಕೂ ಮೊದಲಿನದು. ಇದು ಯಾವ ಕಾಯಿಲೆ ಎಂದು ಸರಿಯಾಗಿ ಗುರುತಿಸುವುದು. ಅಲ್ಲಿ ತಪ್ಪಿದರೆ ಇದೇ ಯೋಚನೆ ಕಣ್ಣನ್ನು ಕೆಡಿಸಲೂಬಹುದು. ಅದು ಹೇಗೆ ಅಂತ ಮುಂದೆ ನೋಡೋಣ.

ಕುರುಡಾದ ತಾಯಿ, ಕೀಲು ಊದಿದ ಮಗ

1960ರಲ್ಲಿ ಅಮೆರಿಕದ ಮಿನೆಸೋಟಾದ ಮೇಯೋ ಕ್ಲಿನಿಕ್‌ಗೆ 12 ವರ್ಷದ ಒಬ್ಬ ಹುಡುಗ ಬಂದ. ಅವನ ಕೀಲುಗಳ ಮೂಳೆ ದಪ್ಪಗಾಗಿತ್ತು. ಕಣ್ಣಿಗೆ ವಿಪರೀತ ಮೈನಸ್ ಪವರ್. ಅವನನ್ನು ನೋಡಿದವರು ಮಕ್ಕಳ ಡಾಕ್ಟರ್ ಗುನ್ನಾರ್ ಸ್ಟಿಕ್ಲರ್. ಹುಡುಗನ ಜೊತೆ ಬಂದಿದ್ದ ತಾಯಿಗೆ ಕಣ್ಣು ಪೂರ್ತಿ ಹೋಗಿತ್ತು. ಸ್ಟಿಕ್ಲರ್ ಬರೀ ಹುಡುಗನ ಕೀಲು ನೋಡಿ ಕಳಿಸಲಿಲ್ಲ. ಮನೆಯವರನ್ನೆಲ್ಲ ವಿಚಾರಿಸಿದರು. ಇದೇ ಕುಟುಂಬದ ಹಿಂದಿನ ತಲೆಮಾರಿನವರೊಬ್ಬರನ್ನು 19ನೇ ಶತಮಾನದ ಕೊನೆಯಲ್ಲೇ ಚಾರ್ಲ್ಸ್ ಮೇಯೋ ನೋಡಿದ್ದರು ಎಂಬುದು ಆಗ ಗೊತ್ತಾಯಿತು. ಐದು ತಲೆಮಾರಿನ ವಿವರ ಕೂಡಿಸಿ 1965ರಲ್ಲಿ ಅವರು ಈ ಕಾಯಿಲೆಯನ್ನು ಬರೆದಿಟ್ಟರು.

ಕಾರಣ ಇರುವುದು ಕೊಲಾಜೆನ್ ಎಂಬ ಪ್ರೋಟೀನಿನಲ್ಲಿ. ಕೊಲಾಜೆನ್‌ನಲ್ಲಿ ಹಲವು ಬಗೆ ಇವೆ. 2ನೇ ಬಗೆಯದು ಮುಖ್ಯವಾಗಿ ಇರುವುದು ಕೀಲಿನ ಮೃದು ಎಲುಬಿನಲ್ಲಿ ಮತ್ತು ಕಣ್ಣೊಳಗೆ ತುಂಬಿರುವ ಲೋಳೆಯಲ್ಲಿ. ಈ ಲೋಳೆಗೆ ಡಾಕ್ಟರುಗಳು ವಿಟ್ರಿಯಸ್ ಅನ್ನುತ್ತಾರೆ. ಸ್ಟಿಕ್ಲರ್ ಇರುವ ಬಹುಪಾಲು ಜನರಲ್ಲಿ ಕೆಟ್ಟಿರುವುದು ಸಿಒಎಲ್2ಎ1 ಎಂಬ ಜೀನ್. ಪ್ರತಿಯೊಬ್ಬರಿಗೂ ಆ ಜೀನಿನ ಎರಡು ಪ್ರತಿ ಇರುತ್ತವೆ. ಇವರಲ್ಲಿ ಒಂದು ಪ್ರತಿ ಕೆಲಸ ಮಾಡುವುದಿಲ್ಲ. ಹಾಗಾಗಿ ಬೇಕಾದ ಕೊಲಾಜೆನ್‌ನಲ್ಲಿ ಅರ್ಧದಷ್ಟು ಮಾತ್ರ ತಯಾರಾಗುತ್ತದೆ. ಇದನ್ನು 1ನೇ ಬಗೆಯ ಸ್ಟಿಕ್ಲರ್ ಅನ್ನುತ್ತಾರೆ. ಕೇಂಬ್ರಿಜ್‌ನ ಲೆಕ್ಕವೆಲ್ಲ ಈ ಬಗೆಯವರದ್ದೇ.

ಒಂದೇ ಪ್ರೋಟೀನ್ ಕೊರತೆಯಾದರೂ ಮೈಯಲ್ಲಿ ಅದು ಹಲವು ಕಡೆ ಕಾಣುತ್ತದೆ. ಮಗು ಹುಟ್ಟುವಾಗಲೇ ಅಂಗುಳ ಸೀಳಿರಬಹುದು. ಗದ್ದ ಚಿಕ್ಕದಾಗಿ, ನಾಲಿಗೆ ಹಿಂದಕ್ಕೆ ಬಿದ್ದು ಉಸಿರಾಟಕ್ಕೆ ತೊಂದರೆಯಾಗಬಹುದು. ಮುಖದ ನಡುಭಾಗ ಚಪ್ಪಟೆಯಾಗಿರಬಹುದು. ಕಿವಿ ಸ್ವಲ್ಪ ಮಂದವಾಗಬಹುದು. ಚಿಕ್ಕಂದಿನಲ್ಲಿ ಬೆರಳು, ಮೊಣಕೈ ಅತಿಯಾಗಿ ಬಾಗುತ್ತವೆ. ನಡುವಯಸ್ಸಿಗೇ ಮಂಡಿ, ಸೊಂಟ ಹಿಡಿದುಕೊಳ್ಳುತ್ತವೆ. ಇವೆಲ್ಲ ಎಲ್ಲರಿಗೂ ಇರುವುದಿಲ್ಲ. ಅಣ್ಣನಿಗೆ ಅಂಗುಳ ಸೀಳಿರುತ್ತದೆ, ತಂಗಿಗೆ ಬರೀ ಕನ್ನಡಕ ಬಂದಿರುತ್ತದೆ. ಜೀನಿನ ತಪ್ಪು ಮಾತ್ರ ಇಬ್ಬರಲ್ಲೂ ಒಂದೇ.

ಇನ್ನೊಂದು ಕುತೂಹಲದ ವಿಷಯವಿದೆ. ಸಿಒಎಲ್2ಎ1 ಜೀನಿನಲ್ಲಿ 54 ತುಣುಕುಗಳಿವೆ. ಅದರಲ್ಲಿ ಎರಡನೆಯ ತುಣುಕನ್ನು ಕಣ್ಣು ಬಳಸಿಕೊಳ್ಳುತ್ತದೆ, ಬೆಳೆದ ಮೃದು ಎಲುಬು ಕೈಬಿಡುತ್ತದೆ. ತಪ್ಪು ಆ ತುಣುಕಿನಲ್ಲಿದ್ದರೆ ಕೀಲು, ಅಂಗುಳ, ಕಿವಿ ಹೆಚ್ಚುಕಡಿಮೆ ಸರಿಯಾಗೇ ಇರುತ್ತವೆ. ಕಣ್ಣು ಮಾತ್ರ ಅಪಾಯದಲ್ಲಿರುತ್ತದೆ. ಇಂಥವರ ಮುಖ ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಸುಳಿವು ಒಂದೇ: ಮನೆಯಲ್ಲಿ ಹಿಂದೆ ಯಾರದ್ದೋ ಕಣ್ಣು ಚಿಕ್ಕ ವಯಸ್ಸಿಗೇ ಹೋಗಿರುತ್ತದೆ.

ಕಣ್ಣೊಳಗೆ ಆಗುವುದೇನು

ರೆಟಿನಾ ಅಂದರೆ ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಅಂಟಿರುವ ತೆಳು ಪೊರೆ. ನಮ್ಮಲ್ಲಿ ಜನ ಇದನ್ನು ನರದ ಪರದೆ ಅನ್ನುತ್ತಾರೆ. ಅದರ ಮುಂದಿನ ಅಂಚಿಗೆ ಓರಾ ಸೆರೇಟಾ ಎಂದು ಹೆಸರು. ಸುತ್ತಲೂ ಆ ಅಂಚಿನ ಹತ್ತಿರವೇ ವಿಟ್ರಿಯಸ್ ಲೋಳೆ ಬಲವಾಗಿ ಅಂಟಿಕೊಂಡಿರುತ್ತದೆ. ಆರೋಗ್ಯವಂತರಲ್ಲಿ ಲೋಳೆ ಗಟ್ಟಿಯಾಗಿ, ಕಣ್ಣಿನ ತುಂಬ ಇರುತ್ತದೆ. 1ನೇ ಬಗೆಯ ಸ್ಟಿಕ್ಲರ್ ಇರುವವರಲ್ಲಿ ಲೆನ್ಸಿನ ಹಿಂದೆ ಒಂದಿಷ್ಟು ಲೋಳೆ ಮಡಿಕೆ ಬಿದ್ದ ಪೊರೆಯ ಹಾಗೆ ಉಳಿದಿರುತ್ತದೆ. ಉಳಿದ ಜಾಗ ಬಹುಮಟ್ಟಿಗೆ ಖಾಲಿ ಇದ್ದಂತೆ ಕಾಣುತ್ತದೆ. ಕಣ್ಣು ಪರೀಕ್ಷೆಯ ಸೂಕ್ಷ್ಮದರ್ಶಕವಾದ ಸ್ಲಿಟ್ ಲ್ಯಾಂಪ್‌ನಲ್ಲಿ ಇದನ್ನು ಗುರುತಿಸಬಹುದು. 1990ರ ದಶಕದಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ಸ್ನೀಡ್, ಜಾನ್ ಸ್ಕಾಟ್ ಮತ್ತು ಅವರ ಜೊತೆಗಾರರು ಲೋಳೆಯ ಈ ರೂಪಕ್ಕೂ ಜೀನಿಗೂ ಇರುವ ಸಂಬಂಧ ತೋರಿಸಿದರು. 2ನೇ ಬಗೆಯ ಸ್ಟಿಕ್ಲರ್ ಬರುವುದು ಸಿಒಎಲ್11ಎ1 ಎಂಬ ಬೇರೆ ಜೀನಿನಿಂದ. ಅದರಲ್ಲಿ ಲೋಳೆಯ ಎಳೆಗಳು ಮಣಿ ಪೋಣಿಸಿದಂತೆ ಕಾಣುತ್ತವೆ. ಕಿವಿಯ ತೊಂದರೆ ಅದರಲ್ಲಿ ಜಾಸ್ತಿ.

ತೊಂದರೆ ಹುಟ್ಟುವುದು ಆ ಅಂಚಿನಲ್ಲೇ. ಲೋಳೆ ಎಳೆದಾಗ ರೆಟಿನಾ ಅಂಚಿನ ಗುಂಟ ಉದ್ದಕ್ಕೆ ಹರಿಯುತ್ತದೆ. ಹರಕು ಕಣ್ಣಿನ ಸುತ್ತಳತೆಯ ಕಾಲು ಭಾಗ ದಾಟಿದರೆ ಅದನ್ನು ದೈತ್ಯ ಹರಕು ಎಂದು ಲೆಕ್ಕ ಹಾಕುತ್ತಾರೆ. ಹರಿದ ರೆಟಿನಾ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಹರಕಿನೊಳಗೆ ದ್ರವ ನುಗ್ಗಿ ಗೋಡೆಯಿಂದ ಪೊರೆಯನ್ನು ಬಿಡಿಸುತ್ತದೆ. ಇದನ್ನು ಮತ್ತೆ ಕೂಡಿಸುವುದು ರೆಟಿನಾ ಸರ್ಜನ್‌ಗಳಿಗೂ ಕಷ್ಟದ ಕೆಲಸ. ಲೋಳೆ ತೆಗೆಯಬೇಕು, ಭಾರದ ದ್ರವ ಹಾಕಿ ಮಡಿಕೆ ಬಿಡಿಸಬೇಕು, ಲೇಸರ್ ಹಾಕಬೇಕು, ಕೊನೆಗೆ ಸಿಲಿಕೋನ್ ಎಣ್ಣೆ ತುಂಬಬೇಕು. ಆ ಎಣ್ಣೆ ತೆಗೆಯಲು ಸಾಮಾನ್ಯವಾಗಿ ಮತ್ತೊಂದು ಆಪರೇಷನ್ ಬೇಕು. ಮಕ್ಕಳಲ್ಲಿ ಗಾಯದ ಅಂಗಾಂಶ ಜೋರಾಗಿ ಬೆಳೆದು ರೆಟಿನಾವನ್ನು ಮತ್ತೆ ಎಳೆದುಬಿಡುವುದೂ ಉಂಟು.

ಮಗು ಹೇಳುವುದಿಲ್ಲ ಎಂಬುದು ಇನ್ನೂ ದೊಡ್ಡ ಸಮಸ್ಯೆ. ದೊಡ್ಡವರಾದರೆ ಕಣ್ಣ ಮುಂದೆ ಕಪ್ಪು ಚುಕ್ಕೆ ಹಾರುತ್ತಿವೆ, ಮಿಂಚು ಹೊಡೆದಂತಾಯಿತು, ಪರದೆ ಇಳಿದ ಹಾಗಿದೆ ಎಂದು ಓಡಿ ಬರುತ್ತಾರೆ. ಮಗುವಿನ ಒಂದು ಕಣ್ಣು ಹೋದರೂ ಇನ್ನೊಂದು ಕಣ್ಣಲ್ಲಿ ಆಟ, ಪಾಠ ನಡೆಯುತ್ತಿರುತ್ತದೆ. ಸುಮ್ನೆ ಒಂದು ದಿನ ಒಂದು ಕಣ್ಣು ಮುಚ್ಚಿಕೊಂಡಾಗಲೋ ಶಾಲೆಯ ತಪಾಸಣೆಯಲ್ಲೋ ಗೊತ್ತಾಗುತ್ತದೆ. ಅಷ್ಟರಲ್ಲಿ ರೆಟಿನಾ ಬಿಟ್ಟು ಬಹಳ ದಿನವಾಗಿರುತ್ತದೆ.

ಅಂಚಿನಲ್ಲೇ ಯಾಕೆ

ಕೇಂಬ್ರಿಜ್‌ನವರ ತರ್ಕ ಸರಳ. ಹರಕು ಯಾವ ಜಾಗದಲ್ಲಿ ಶುರುವಾಗುತ್ತದೆ ಎಂದು ಮೊದಲೇ ಗೊತ್ತಿದ್ದರೆ, ಆ ಜಾಗವನ್ನೇ ಭದ್ರ ಮಾಡಬಹುದಲ್ಲ. ಸೀರೆ ಅಂಚಿನ ನೂಲು ಬಿಡದಿರಲಿ ಅಂತ ಜಿಗ್‌ಜಾಗ್ ಹೊಲಿಸುತ್ತೇವೆ. ಹೆಚ್ಚುಕಡಿಮೆ ಅದೇ ಕೆಲಸ ಇದು.

ಇದಕ್ಕೆ ಬಳಸುವುದು ಕ್ರಯೋ ಎಂಬ ವಿಧಾನ. ಪೆನ್ನಿನಂಥ ಒಂದು ಸಾಧನದ ತುದಿಯನ್ನು ಕಣ್ಣಿನ ಬಿಳಿ ಭಾಗದ ಮೇಲೆ ಹೊರಗಿನಿಂದ ಒತ್ತುತ್ತಾರೆ. ಒಳಗೆ ಹರಿಯುವ ಅನಿಲ ಹಿಗ್ಗುತ್ತಿದ್ದ ಹಾಗೆ ತುದಿ ಗಕ್ಕನೆ ತಣ್ಣಗಾಗುತ್ತದೆ. ತಲೆಗೆ ಕಟ್ಟಿಕೊಂಡ ದೀಪದಿಂದ ಸರ್ಜನ್ ಪಾಪೆಯ ಮೂಲಕ ಒಳಗೆ ನೋಡುತ್ತಿರುತ್ತಾರೆ. ಆ ಜಾಗದ ರೆಟಿನಾ ಬೆಳ್ಳಗಾದ ಕೂಡಲೇ ನಿಲ್ಲಿಸಿ ಪಕ್ಕಕ್ಕೆ ಸರಿಯುತ್ತಾರೆ. ಹೀಗೆ ನಡುವೆ ಜಾಗ ಬಿಡದೆ ಪೂರ್ತಿ 360 ಡಿಗ್ರಿ ಸುತ್ತು ಬರಬೇಕು. ಮುಂದಿನ ದಿನಗಳಲ್ಲಿ ಅಲ್ಲಿ ಗಾಯ ಮಾಗಿ, ರೆಟಿನಾ ಹಿಂದಿನ ಗೋಡೆಗೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಕತ್ತರಿಸುವುದಿಲ್ಲ, ಕಣ್ಣನ್ನು ತೆರೆಯುವುದಿಲ್ಲ. ರೆಪ್ಪೆ ಊದುತ್ತದೆ, ಕಣ್ಣು ಕೆಂಪಾಗುತ್ತದೆ, ಕೆಲವು ದಿನ ಚುಚ್ಚಿದಂತಾಗುತ್ತದೆ. ಮಕ್ಕಳಿಗೆ ಅರಿವಳಿಕೆ ಬೇಕೇ ಬೇಕು.

ಈ ವಿಧಾನದಲ್ಲಿ ಜಾಗದ ಲೆಕ್ಕಕ್ಕೆ ತುಂಬ ಬೆಲೆ ಇದೆ. ಕ್ರಯೋ ಬೀಳಬೇಕಾದ್ದು ಓರಾ ಸೆರೇಟಾದ ಬೆನ್ನಿಗೇ, ರೆಟಿನಾ ಶುರುವಾಗುವಲ್ಲೇ. ತುಂಬ ಹಿಂದೆ ಹಾಕಿದರೆ ಅಂಚಿಗೂ ಗಾಯಕ್ಕೂ ನಡುವೆ ಭದ್ರವಿಲ್ಲದ ಪಟ್ಟಿಯೊಂದು ಉಳಿಯುತ್ತದೆ. ಹರಕು ಅಲ್ಲೇ ಹುಟ್ಟಬಹುದು. ನಡುವೆ ಜಾಗ ಬಿಟ್ಟರೂ ಅಷ್ಟೇ. ಅಲ್ಲೊಂದು ಇಲ್ಲೊಂದು ಕಡೆ ರೆಟಿನಾ ತೆಳುವಾಗಿದೆ ಅಂತ ಅಷ್ಟಕ್ಕೇ ಲೇಸರ್ ಹಾಕಿ ಬಿಡುವ ರೂಢಿ ಸಾಮಾನ್ಯ ಮೈನಸ್ ಪವರ್‌ನವರಲ್ಲಿ ಉಂಟು. ಸ್ಟಿಕ್ಲರ್‌ನಲ್ಲಿ ಅಷ್ಟು ಸಾಲುವುದಿಲ್ಲ. ಇಲ್ಲಿ ದೈತ್ಯ ಹರಕು ನೋಡಲು ಚೆನ್ನಾಗಿದ್ದ ಜಾಗದಿಂದಲೂ ಬರುತ್ತದೆ.

487 ಜನ

2014ರಲ್ಲಿ ಆ ತಂಡ 1ನೇ ಬಗೆಯ ಸ್ಟಿಕ್ಲರ್ ಇರುವ 487 ಜನರ ಲೆಕ್ಕ ಕೊಟ್ಟಿತು. ಇವರಲ್ಲಿ 194 ಜನರಿಗೆ ಮುಂಜಾಗ್ರತೆಯ ಚಿಕಿತ್ಸೆ ಆಗಿರಲಿಲ್ಲ. 229 ಜನರಿಗೆ ಎರಡೂ ಕಣ್ಣಿಗೆ ಆಗಿತ್ತು. ಉಳಿದ 64 ಜನರದು ಒಂದು ಕಣ್ಣಿನ ರೆಟಿನಾ ಆಗಲೇ ಬಿಟ್ಟಿತ್ತು, ಅವರಿಗೆ ಇನ್ನೊಂದು ಕಣ್ಣಿಗೆ ಚಿಕಿತ್ಸೆ ಕೊಟ್ಟಿದ್ದರು.

ಚಿಕಿತ್ಸೆ ಆಗದವರಲ್ಲಿ ಶೇ. 53.6ರಷ್ಟು ಜನರ ರೆಟಿನಾ ಬಿಟ್ಟಿತು. ಎರಡೂ ಕಣ್ಣಿಗೆ ಚಿಕಿತ್ಸೆ ಆದವರಲ್ಲಿ ಶೇ. 8.3. ವಯಸ್ಸು ಮತ್ತು ಎಷ್ಟು ಕಾಲ ಗಮನಿಸಿದ್ದಾರೆ ಎಂಬುದನ್ನು ಎರಡೂ ಕಡೆ ಸರಿಹೊಂದಿಸಿ ನೋಡಿದಾಗಲೂ ಚಿಕಿತ್ಸೆ ಆಗದವರಿಗೆ ಅಪಾಯ ಸುಮಾರು ಐದು ಪಟ್ಟು ಹೆಚ್ಚಿತ್ತು.

ನನ್ನನ್ನು ಹೆಚ್ಚು ತಟ್ಟಿದ್ದು ಎರಡನೆಯ ಕಣ್ಣಿನ ಲೆಕ್ಕ. ಒಂದು ಕಣ್ಣಿನ ರೆಟಿನಾ ಬಿಟ್ಟ ಮೇಲೂ ಇನ್ನೊಂದಕ್ಕೆ ಏನೂ ಮಾಡಿಸದವರಲ್ಲಿ ಶೇ. 80ಕ್ಕೂ ಹೆಚ್ಚು ಜನರ ಆ ಕಣ್ಣಿನ ರೆಟಿನಾವೂ ಬಿಟ್ಟಿತು. ಮಾಡಿಸಿಕೊಂಡವರಲ್ಲಿ ಅದು ಶೇ. 11ರ ಸುಮಾರು. ಒಂದು ಕಣ್ಣು ಕಳೆದುಕೊಂಡು ಬಂದವರ ಮುಂದೆ ಕೂತ ಡಾಕ್ಟರು ಹಾಳಾದ ಕಣ್ಣಿನ ಮೇಲೇ ಪೂರ್ತಿ ಗಮನ ಇಡುವುದು ಸಹಜ. ಆಪರೇಷನ್ ಅದಕ್ಕೆ, ಖರ್ಚು ಅದಕ್ಕೆ, ಮನೆಯವರ ಅಳುವೂ ಅದಕ್ಕೆ. ಈ ಅಂಕಿ ನೋಡಿದರೆ ಅದೇ ದಿನ ಚೆನ್ನಾಗಿರುವ ಕಣ್ಣಿನ ಮಾತೂ ಆಗಬೇಕು.

ಒಪ್ಪದವರ ವಾದ

ಇದು ಹಿಂದಿನ ದಾಖಲೆಗಳನ್ನು ತೆಗೆದು ನೋಡಿದ ಅಧ್ಯಯನ. ಚೀಟಿ ಎತ್ತಿದಂತೆ ಅರ್ಧ ಜನರಿಗೆ ಚಿಕಿತ್ಸೆ ಕೊಟ್ಟು, ಅರ್ಧ ಜನರಿಗೆ ಕೊಡದೆ ಹೋಲಿಸಿದ್ದಲ್ಲ. ಚಿಕಿತ್ಸೆ ಆಗದವರಲ್ಲಿ ಅನೇಕರು ಆ ಆಸ್ಪತ್ರೆಗೆ ಬಂದದ್ದೇ ರೆಟಿನಾ ಬಿಟ್ಟ ಮೇಲೆ. ಕಣ್ಣು ಚೆನ್ನಾಗಿಯೇ ಇದ್ದು ಎಂದೂ ಆಸ್ಪತ್ರೆಗೆ ಬಾರದ ಸ್ಟಿಕ್ಲರ್‌ನವರು ಈ ಲೆಕ್ಕದಲ್ಲಿ ಇಲ್ಲ. ಹಾಗಾಗಿ ನಿಜವಾದ ಅಪಾಯ 53.6ಕ್ಕಿಂತ ಕಡಿಮೆಯೂ ಇರಬಹುದು. 2011ರಲ್ಲಿ ಬ್ರಿಟನ್ನಿನಲ್ಲೇ ನಡೆದ ಒಂದು ಪರಿಶೀಲನೆಗೆ, ಲೆಕ್ಕಕ್ಕೆ ತೆಗೆದುಕೊಳ್ಳಬಹುದಾದ ಅಧ್ಯಯನ ಸಿಕ್ಕಿದ್ದು ಎರಡೇ ಎರಡು. ಎರಡೂ ಹಿಂದಿನ ದಾಖಲೆ ನೋಡಿ ಬರೆದವು.

ಇನ್ನೊಂದು ವಾದ ಇನ್ನೂ ನೇರ. ಚಿಕಿತ್ಸೆ ಆಗದವರಲ್ಲೂ ಸುಮಾರು ಅರ್ಧ ಜನರ ರೆಟಿನಾ ಬಿಡಲೇ ಇಲ್ಲ. ಅಂದರೆ ಎಲ್ಲ ಮಕ್ಕಳಿಗೂ ಕ್ರಯೋ ಮಾಡಿದರೆ ಅದರಲ್ಲಿ ಒಂದು ದೊಡ್ಡ ಪಾಲು ಬೇಡದ ಚಿಕಿತ್ಸೆ. ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಮೊದಲೇ ಹೇಳಲು ಬರುವುದಿಲ್ಲ. ಕ್ರಯೋ ಅತಿಯಾದರೆ ಅದರಿಂದಲೂ ಕಣ್ಣೊಳಗೆ ಗಾಯದ ಪೊರೆ ಬೆಳೆಯಬಹುದು ಎಂಬ ಹೆದರಿಕೆ ಸರ್ಜನ್‌ಗಳಲ್ಲಿ ಇದೆ. ಅಮೆರಿಕದಲ್ಲಿ ಕೆಲವರು ಕ್ರಯೋ ಬದಲು ಅಂಚಿನಿಂದ ಹಿಂದಕ್ಕೆ ಅಗಲವಾಗಿ ಲೇಸರ್ ಹಾಕುತ್ತಾರೆ.

ಈ ವಾದಗಳೆಲ್ಲ ಸರಿ. ಆದರೂ ನಾನು ಕೇಂಬ್ರಿಜ್‌ನವರ ಕಡೆಗೇ ವಾಲುತ್ತೇನೆ. ಅಧ್ಯಯನದಲ್ಲಿ ಹೀಗೆ ಜನರ ಆಯ್ಕೆಯಿಂದ ಬಂದ ಓರೆ ಇದ್ದರೂ ಐದು ಪಟ್ಟು ವ್ಯತ್ಯಾಸವನ್ನು ಓರೆಯಿಂದಷ್ಟೇ ವಿವರಿಸುವುದು ಕಷ್ಟ. ಎರಡನೆಯ ಕಣ್ಣಿನ ಲೆಕ್ಕದಲ್ಲಂತೂ ಎರಡೂ ಗುಂಪಿನವರ ಮೊದಲ ಕಣ್ಣಿನ ರೆಟಿನಾ ಬಿಟ್ಟಾಗಿತ್ತು. ಅಲ್ಲಿ ಹೋಲಿಕೆ ಹೆಚ್ಚು ನ್ಯಾಯವಾದದ್ದು, ವ್ಯತ್ಯಾಸವೂ ಇನ್ನೂ ದೊಡ್ಡದು. ಇಷ್ಟು ಗೊತ್ತಾದ ಮೇಲೆ ಅರ್ಧ ಮಕ್ಕಳಿಗೆ ಚಿಕಿತ್ಸೆ ತಡೆಹಿಡಿದು ನೋಡುವ ಪ್ರಯೋಗಕ್ಕೆ ಯಾವ ತಾಯಿ ಸಹಿ ಹಾಕುತ್ತಾಳೆ?

ಆದರೆ ಚಿಕಿತ್ಸೆ ಆದವರಲ್ಲೂ ನೂರಕ್ಕೆ ಎಂಟು ಜನರ ರೆಟಿನಾ ಬಿಟ್ಟಿದೆ ಎಂಬುದನ್ನು ಮರೆಯಬಾರದು. ಈ ಸುತ್ತು ತಡೆಯುವುದು ಅಂಚಿನ ದೈತ್ಯ ಹರಕನ್ನು. ಹಿಂದೆ ಇನ್ನೆಲ್ಲೋ ತೂತು ಬೀಳುವುದನ್ನು ತಡೆಯುವುದಿಲ್ಲ. ಹಾಗಾಗಿ ತಪಾಸಣೆ ಬಿಡುವಂತಿಲ್ಲ.

ಇದೇ ಯೋಚನೆ, ಬೇರೆ ಕಾಯಿಲೆ

ವಂಶದಲ್ಲಿ ಕಣ್ಣಿನ ಕಾಯಿಲೆ ಇದೆ ಅಂದ ಕೂಡಲೇ ಎಲ್ಲರಿಗೂ ಈ ಚಿಕಿತ್ಸೆ ಅಲ್ಲ. ಗಂಡುಮಕ್ಕಳಲ್ಲಿ ಕಾಣುವ ಎಕ್ಸ್ ಕ್ರೋಮೋಸೋಮಿನ ರೆಟಿನೋಸ್ಕೈಸಿಸ್ ಎಂಬ ಕಾಯಿಲೆ ತೆಗೆದುಕೊಳ್ಳಿ. ಅದರಲ್ಲಿ ರೆಟಿನಾದ ಪದರಗಳೇ ಸೀಳಿಕೊಂಡಿರುತ್ತವೆ. ಅಲ್ಲಿ ಮುಂಜಾಗ್ರತೆ ಅಂತ ಲೇಸರ್ ಹಾಕಿದರೆ, ತಡೆಯಲು ಹೊರಟ ತೊಂದರೆಯನ್ನೇ ತಂದುಕೊಂಡಂತಾಗಬಹುದು. ಹಾಗಾಗಿ ಸಾಮಾನ್ಯವಾಗಿ ಹಾಕುವುದಿಲ್ಲ. ಮಾರ್ಫಾನ್ ಸಿಂಡ್ರೋಮ್‌ನಲ್ಲಿ ರೆಟಿನಾ ಬಿಡುವ ಅಪಾಯ ಇದೆ, ಆದರೆ ಎಲ್ಲರಿಗೂ ಸುತ್ತಲೂ ಕ್ರಯೋ ಮಾಡುವ ಪದ್ಧತಿ ಇಲ್ಲ. ಇರುಳುಗಣ್ಣಿನಿಂದ ಶುರುವಾಗುವ ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ರೆಟಿನಾ ಹರಿಯುವುದೇ ಮುಖ್ಯ ಸಮಸ್ಯೆಯಲ್ಲ. ಅದಕ್ಕೇ ಕೇಂಬ್ರಿಜ್‌ನಲ್ಲಿ ಕ್ರಯೋಗಿಂತ ಮೊದಲು ಲೋಳೆ ನೋಡುತ್ತಾರೆ, ಅಂಗುಳ ನೋಡುತ್ತಾರೆ, ಕೀಲು ಬಾಗಿಸಿ ನೋಡುತ್ತಾರೆ, ಕಿವಿ ಪರೀಕ್ಷೆ ಮಾಡಿಸುತ್ತಾರೆ, ರಕ್ತದಲ್ಲಿ ಜೀನ್ ಪರೀಕ್ಷೆ ಮಾಡಿಸುತ್ತಾರೆ. 2011ರಿಂದ ಇದು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯ ವಿಶೇಷ ಸೇವೆ. ದುಡ್ಡಿನ ಚಿಂತೆ ಇಲ್ಲದೆ ಇಡೀ ಕುಟುಂಬ ಬಂದು ತೋರಿಸಿಕೊಳ್ಳಬಹುದು. ಅಂಥ ಸೌಲಭ್ಯ ಇಲ್ಲದೆ 487 ಜನರ ಲೆಕ್ಕ ಒಂದೇ ಕಡೆ ಸಿಗುವುದೂ ಕಷ್ಟ.

ನಮ್ಮ ಕಡೆ ಎಲ್ಲಿ ತಪ್ಪಿಹೋಗುತ್ತದೆ

ಕರ್ನಾಟಕದಲ್ಲಿ ವಂಶದ ಕಾಯಿಲೆ ಅಂದರೆ ಮೊದಲು ಬರುವ ಪ್ರಶ್ನೆ: "ಸಂಬಂಧದಲ್ಲೇ ಮದುವೆನಾ?" ಸೋದರಮಾವನ ಜೊತೆ, ಸೋದರತ್ತೆ ಮಗನ ಜೊತೆ ಮದುವೆ ಇಲ್ಲಿ ಹೊಸದಲ್ಲ, ಹಾಗಾಗಿ ಪ್ರಶ್ನೆ ಸರಿಯೇ. ಆದರೆ "ಇಲ್ಲ" ಎಂಬ ಉತ್ತರ ಬಂದರೆ ವಂಶದ ಮಾತು ಅಲ್ಲಿಗೇ ನಿಲ್ಲುತ್ತದೆ. 1ನೇ ಬಗೆಯ ಸ್ಟಿಕ್ಲರ್‌ಗೆ ಸಂಬಂಧದ ಮದುವೆ ಬೇಕಿಲ್ಲ. ತಂದೆ ಅಥವಾ ತಾಯಿ, ಒಬ್ಬರಲ್ಲಿದ್ದರೆ ಸಾಕು. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕೆಲವೊಮ್ಮೆ ತಂದೆ ತಾಯಿ ಇಬ್ಬರಲ್ಲೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಶುರುವಾಗುತ್ತದೆ. ಸಂಬಂಧದ ಮದುವೆಯಿಂದ ಸಾಧ್ಯತೆ ಹೆಚ್ಚುವುದು ಸಿಒಎಲ್9ಎ1 ಮುಂತಾದ ಜೀನುಗಳಿಂದ ಬರುವ ಅಪರೂಪದ ಬಗೆಗಳಲ್ಲಿ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಇನ್ನೂ ಇವೆ. ಅಜ್ಜನಿಗೆ ಕಣ್ಣು ಯಾವಾಗ ಹೋಯಿತು? "ಪೊರೆ ಬಂದಿತ್ತು" ಅನ್ನುತ್ತಾರೆ, ಆದರೆ ಮೂವತ್ತಕ್ಕೇ ಹೋಗಿತ್ತಾ? ಚಿಕ್ಕಪ್ಪನಿಗೆ ದಪ್ಪ ಕನ್ನಡಕ ಇತ್ತಾ? ಮನೆಯಲ್ಲಿ ಯಾರಿಗಾದರೂ ಸೀಳು ಅಂಗುಳ?

ಇನ್ನೊಂದು ತೊಡಕು, ಒಂದೇ ಮಗುವನ್ನು ನಾಲ್ಕು ಕಡೆ ತೋರಿಸುವುದು. ಅಂಗುಳ ಹೊಲಿದವರು ಪ್ಲಾಸ್ಟಿಕ್ ಸರ್ಜನ್. ಕಿವಿ ನೋಡಿದವರು ಇಎನ್‌ಟಿ. ಮಂಡಿ ನೋವಿಗೆ ಮೂಳೆ ಡಾಕ್ಟರು. ಕನ್ನಡಕದ ನಂಬರ್ ಕೊಟ್ಟವರು ಊರಿನ ಆಪ್ಟಿಕಲ್ಸ್. ನಾಲ್ಕೂ ಚೀಟಿ ಒಂದೇ ಮೇಜಿನ ಮೇಲೆ ಬರುವುದೇ ಇಲ್ಲ. ಸೀಳು ತುಟಿ ಇಲ್ಲದೆ ಬರೀ ಅಂಗುಳ ಸೀಳಿರುವ, ಗದ್ದ ಚಿಕ್ಕದಿರುವ ಕೂಸು ಹುಟ್ಟಿದರೆ ಮೊದಲ ವರ್ಷದಲ್ಲೇ ಒಮ್ಮೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಎರಡು ಮೂರು ವರ್ಷದ ಮಗುವಿಗೆ ದೊಡ್ಡ ಮೈನಸ್ ಪವರ್ ಇದ್ದರೆ ಕನ್ನಡಕ ಕೊಟ್ಟು ಕಳಿಸಿದರೆ ಸಾಲದು. ಮೊಬೈಲ್ ನೋಡಿ ಬಂತು ಅಂತ ಮಗುವನ್ನು ಬೈಯುವುದಂತೂ ಬೇಡ. ಸ್ಟಿಕ್ಲರ್‌ನ ಮೈನಸ್ ಪವರ್ ಹುಟ್ಟಿನಿಂದಲೇ ಇರುತ್ತದೆ. ಪಾಪೆಗೆ ಡ್ರಾಪ್ಸ್ ಹಾಕಿ ರೆಟಿನಾದ ಅಂಚಿನವರೆಗೂ ನೋಡಿಸಬೇಕು.

ಹಾಗೆ ನೋಡುವ ಕೈ ನಮ್ಮಲ್ಲಿ ಇಲ್ಲದೇ ಇಲ್ಲ. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳ ರೆಟಿನಾ ತಪಾಸಣೆಗೆ ಕರ್ನಾಟಕದಲ್ಲಿ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮ ಶುರುವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಆಸ್ಪತ್ರೆಗಳಿಗೇ ಹೋಗಿ ಕೂಸಿನ ರೆಟಿನಾದ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ಡಾಕ್ಟರು ನೋಡುತ್ತಾರೆ. ಆ ಶಿಶುಗಳಿಗೆ ತಲೆಗೆ ಕಟ್ಟಿಕೊಳ್ಳುವ ದೀಪದ ಮೂಲಕ ಲೇಸರ್ ಹಾಕುವ ಅಭ್ಯಾಸ ಇಲ್ಲಿನ ಮಕ್ಕಳ ರೆಟಿನಾ ತಜ್ಞರಿಗೆ ಚೆನ್ನಾಗಿದೆ. ಹಾಗಾಗಿ ಇಲ್ಲಿ ಸ್ಟಿಕ್ಲರ್ ಮಗುವಿಗೂ ಕ್ರಯೋ ಬದಲು ಲೇಸರ್ ಹೇಳಿದರೆ ಆಶ್ಚರ್ಯವಿಲ್ಲ. ಆಗ ಸರ್ಜನ್ ಹತ್ತಿರ ಕೇಳಬೇಕಾದ್ದು ಎರಡು ಮಾತು: ಸುತ್ತಲೂ ಬಿಡುವಿಲ್ಲದೆ ಹಾಕುತ್ತೀರಾ, ಅಂಚಿನವರೆಗೂ ಮುಟ್ಟುತ್ತೀರಾ. ಇಷ್ಟು ದೊಡ್ಡ ಲೆಕ್ಕ ಇರುವುದು ಕೇಂಬ್ರಿಜ್‌ನ ಕ್ರಯೋಗೆ ಎಂಬುದನ್ನೂ ಡಾಕ್ಟರ ಮುಂದೆ ಇಟ್ಟು ಮಾತಾಡಬಹುದು, ತಪ್ಪೇನಿಲ್ಲ.

ಚಿಕಿತ್ಸೆ ಆದ ಮಕ್ಕಳ ಮನೆಯಲ್ಲಿ ಒಂದು ಸಣ್ಣ ಅಭ್ಯಾಸ ಇಟ್ಟುಕೊಳ್ಳಬಹುದು. ಆಗಾಗ ಒಂದೊಂದೇ ಕಣ್ಣು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸುವುದು. ಚುಕ್ಕೆ, ಮಿಂಚು, ಪರದೆ ಕಂಡರೆ ಅದೇ ದಿನ ಹೇಳು ಎಂದು ಮಗುವಿಗೆ ಹೇಳಿಕೊಡುವುದು. ಬಾಕ್ಸಿಂಗ್‌ನಂತೆ ತಲೆಗೆ, ಕಣ್ಣಿಗೆ ಪೆಟ್ಟು ಬೀಳುವ ಆಟ ಬೇಡ. ಓಟ, ಓದು, ಸ್ಕೂಲ್ ಟ್ರಿಪ್ ಯಾವುದನ್ನೂ ತಡೆಯಬೇಕಿಲ್ಲ.

ಜೀನ್ ಪರೀಕ್ಷೆಗೆ ಖರ್ಚು ಯಾಕೆ, ಹೇಗೂ ಕಣ್ಣು ನೋಡಿದರೆ ಗೊತ್ತಾಗುತ್ತದಲ್ಲ ಎಂದು ಕೇಳುವವರಿದ್ದಾರೆ. ಅದರ ದೊಡ್ಡ ಪ್ರಯೋಜನ ಕಾಯಿಲೆ ಇಲ್ಲದವರಿಗೆ. ಮೊದಲು ಕಾಯಿಲೆ ಇರುವ ಒಬ್ಬರಲ್ಲಿ ಜೀನಿನ ತಪ್ಪು ಯಾವುದೆಂದು ಪತ್ತೆ ಮಾಡುತ್ತಾರೆ. ಆಮೇಲೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಅಣ್ಣನಲ್ಲಿ ಸಿಕ್ಕ ತಪ್ಪು ತಂಗಿಯಲ್ಲಿ ಇಲ್ಲ ಎಂದು ಬಂದರೆ ಅವಳಿಗೆ ಕ್ರಯೋ ಬೇಡ, ಅರಿವಳಿಕೆ ಬೇಡ, ವರ್ಷ ವರ್ಷ ಡ್ರಾಪ್ಸ್ ಹಾಕಿಸಿಕೊಂಡು ರೆಟಿನಾ ತೋರಿಸುವುದೂ ಬೇಡ. ನಾಳೆ ಅವಳಿಗೆ ಮಕ್ಕಳಾದರೆ ಅವರನ್ನೂ ಇದಕ್ಕಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿಲ್ಲ.